ವರದಕ್ಷಿಣೆಗೆ ಹೋದ ಕೋಟೆ

ಮಳೆಗಾಲ ಕಳೆದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುವುದನ್ನು ನಾವೆಲ್ಲ ನೋಡಿದ್ದೇವೆ. ಬೆಳಿಗ್ಗೆ ಬಂದ ಹಡಗು ಸಂಜೆ ಹೊರಟುಬಿಡುತ್ತದೆ. ನಡುವಿನ ಕೆಲವೇ ಗಂಟೆಗಳಲ್ಲಿ ಕೆಲವರು ಬಸ್ಸಿನಲ್ಲಿ, ಕೆಲವರು ತಾವೇ ಟ್ಯಾಕ್ಸಿ ಮಾಡಿಕೊಂಡು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೋ ಕದ್ರಿ ದೇವಸ್ಥಾನವನ್ನೋ ನೋಡಿ ಓಡೋಡಿ ವಾಪಸಾಗುತ್ತಾರೆ. ಇಷ್ಟು ಅವಸರದಲ್ಲಿ ಏನು ನೋಡುತ್ತಾರೋ ಎಂದು ನಾನು ನಗುತ್ತಿದ್ದೆ. ಕಳೆದ ಡಿಸೆಂಬರಿನಲ್ಲಿ ಸೊಲ್ಲಾಪುರದಲ್ಲಿ ನನ್ನ ಗತಿಯೂ ಅದೇ ಆಯಿತು. ಹಡಗಿನ ಬದಲು ರೈಲು, ಅಷ್ಟೆ.

ನಮ್ಮ ಅಂಗಡಿಯಲ್ಲಿ ಸೊಲ್ಲಾಪುರದ ಚಾದರ ಮತ್ತು ಟವೆಲು ನಾನು ಹುಟ್ಟುವ ಮೊದಲಿನಿಂದಲೂ ಇವೆ. ಉಪ್ಪನಿಗೆ ಈಗ ದೂರ ಪ್ರಯಾಣ ಆಗುವುದಿಲ್ಲ. ಹಾಗಾಗಿ ಆರ್ಡರ್ ಕೊಡಲು ನಾನು ಹೋಗಿದ್ದೆ. ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ಪವರ್‌ಲೂಮ್‌ಗಳ ಸದ್ದಿನ ನಡುವೆ ಮಾತುಕತೆ ಮುಗಿದಾಗ ಹನ್ನೊಂದೂವರೆ. ರೈಲು ಇದ್ದದ್ದು ಸಂಜೆ ಆರಕ್ಕೆ.

ನೋಡಲು ಬೇಕಾದಷ್ಟಿತ್ತು. ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆಯಲ್ಲಿ ಭೋಸಲೆ ಅರಸರ ಅರಮನೆಯ ಶಸ್ತ್ರಾಗಾರವಿದೆ. ಇನ್ನೊಂದು ದಿಕ್ಕಿನಲ್ಲಿ ಭೀಮಾ ಮತ್ತು ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲದಲ್ಲಿ ಹಳೆಯ ಕಲ್ಲಿನ ದೇಗುಲಗಳಿವೆ. ಅಲ್ಲಿನ ಶಕ 940ರ, ಅಂದರೆ 1018ರ ಶಾಸನವನ್ನು ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಒಂದೆಂದು ಎಣಿಸುತ್ತಾರೆ. ಎರಡಕ್ಕೂ ಹೋಗಿಬರಬಹುದೇ ಎಂದು ಆಟೋದವರನ್ನು ಹಿಂದಿಯಲ್ಲಿ ಕೇಳಿದೆ. ನನ್ನ ಹಿಂದಿ ಕೇಳಿ ಅವರು ಕನ್ನಡಕ್ಕೇ ಬಂದರು. "ಎರಡೂ ಆಗಂಗಿಲ್ರೀ. ಊರಾಗಿನ ಕ್ವಾಟಿ ಒಂದ ನೋಡ್ರಿ, ಛಲೋತ್ನ್ಯಾಗ ನೋಡ್ರಿ." ಈ ಕಡೆ ಕನ್ನಡ ಮನೆಮಾತಾಗಿರುವವರು ಬಹಳ. ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮನ ಸೊನ್ನಲಿಗೆ ಇದೇ ಊರು.

ಸೊಲ್ಲಾಪುರದ ಕೋಟೆ ಬೆಟ್ಟದ ಮೇಲಿಲ್ಲ. ನೆಲದ ಮೇಲೆಯೇ ಇದೆ, ಅದಕ್ಕೇ ಜನ ಭುಯಿಕೋಟ ಎನ್ನುತ್ತಾರೆ. ಬಹಮನಿ ಸುಲ್ತಾನರ ಕಾಲದ್ದು. ಎರಡು ಸುತ್ತಿನ ಗೋಡೆ, ಹೊರಗೆ ಕಂದಕ, ಒಂದು ಮಗ್ಗುಲಲ್ಲಿ ಸಿದ್ಧೇಶ್ವರ ಕೆರೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋದೆ. ಗೋಡೆಯಲ್ಲಿ ಅಲ್ಲಲ್ಲಿ ಹಳೆಯ ದೇಗುಲದ ಕೆತ್ತನೆಯ ಕಲ್ಲುಗಳು ಸೇರಿಕೊಂಡಿವೆ. ಒಳಗೆ ದೇವಸ್ಥಾನವೊಂದರ ಅವಶೇಷವೂ ಕಂಬಗಳ ಸಾಲಿನ ಹಳೆಯ ಕಟ್ಟಡವೂ ಇವೆ. ಕಾಲೇಜು ಹುಡುಗರು ಬುರುಜಿನ ಮೇಲೆ ಫೋಟೋ ತೆಗೆಯುತ್ತಿದ್ದರು. ನಾನು ನೆರಳು ಹುಡುಕಿ ಕುಳಿತೆ.

ಈ ಕೋಟೆಯ ಬಗ್ಗೆ ನನಗೆ ಮೊದಲೇ ಗೊತ್ತಿದ್ದದ್ದು ಒಂದೇ ಸಂಗತಿ: ಇದು ವರದಕ್ಷಿಣೆಯ ಕೋಟೆ.

ಬಹಮನಿ ರಾಜ್ಯ ಒಡೆದ ಮೇಲೆ ಸೊಲ್ಲಾಪುರ ಎರಡು ಮನೆಗಳ ಗಡಿಗೆ ಬಂತು. ದಕ್ಷಿಣಕ್ಕೆ ಬಿಜಾಪುರದ ಆದಿಲ್‌ಶಾಹಿ, ಉತ್ತರಕ್ಕೆ ಅಹ್ಮದ್‌ನಗರದ ನಿಜಾಮ್‌ಶಾಹಿ. 1524ರಲ್ಲಿ ಎರಡು ಮನೆಗಳೂ ನಂಟಸ್ತನ ಬೆಳೆಸಲು ನಿರ್ಧರಿಸಿದವು. ಇಸ್ಮಾಯಿಲ್ ಆದಿಲ್ ಶಾಹನ ತಂಗಿ ಮರಿಯಂಳನ್ನು ಬುರ್ಹಾನ್ ನಿಜಾಮ್ ಶಾಹನಿಗೆ ಕೊಟ್ಟು ನಿಖಾಹ್ ಆಯಿತು. ಸೊಲ್ಲಾಪುರದ ಕೋಟೆಯನ್ನು ವರದಕ್ಷಿಣೆಯಾಗಿ ಕೊಡುತ್ತೇವೆಂಬ ಮಾತೂ ಆಯಿತು ಎಂದು ಚರಿತ್ರೆಕಾರ ಫಿರಿಶ್ತಾ ಬರೆಯುತ್ತಾನೆ. ಹುಡುಗಿ ಹೋದಳು, ಕೋಟೆ ಹೋಗಲಿಲ್ಲ. ಮರುವರ್ಷವೇ ಪುದಿಯಾಪ್ಳೆ ಸೈನ್ಯ ಕಟ್ಟಿಕೊಂಡು ಬಂದ. ಸೋತು ಹಿಂತಿರುಗಿದ. ಆದರೆ ಜಗಳ ಅಲ್ಲಿಗೆ ನಿಲ್ಲಲಿಲ್ಲ. 1552ರಲ್ಲಿ ವಿಜಯನಗರದ ರಾಮರಾಯನ ಜೊತೆ ಕೈಜೋಡಿಸಿ ಬುರ್ಹಾನ್ ಸೊಲ್ಲಾಪುರವನ್ನು ಹಿಡಿದೇಬಿಟ್ಟ. ಮದುವೆಯ ಮಾತು ತೀರಲು ಸುಮಾರು ಇಪ್ಪತ್ತೆಂಟು ವರ್ಷ ಬೇಕಾಯಿತು.

ಇನ್ನೂ ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಕಥೆ ತಿರುಗಿತು. ರಾಮರಾಯನ ವಿರುದ್ಧ ಒಂದಾಗಬೇಕಾದಾಗ ಸುಲ್ತಾನರು ಮತ್ತೆ ಮದುವೆಯನ್ನೇ ಹಿಡಿದರು. ಹುಸೇನ್ ನಿಜಾಮ್ ಶಾಹ ತನ್ನ ಮಗಳನ್ನು ಬಿಜಾಪುರದ ಅಲಿ ಆದಿಲ್ ಶಾಹನಿಗೆ ಕೊಟ್ಟ. ಅವಳ ಜೊತೆ ಸೊಲ್ಲಾಪುರವನ್ನೂ ಕೊಟ್ಟ. ಅಲಿಯ ತಂಗಿ ಹುಸೇನನ ಮನೆಗೆ ಸೊಸೆಯಾಗಿ ಹೋದಳು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧವಾಯಿತು. ಸೊಲ್ಲಾಪುರದ ಜೊತೆ ಬಿಜಾಪುರಕ್ಕೆ ಬಂದ ಆ ಮದುಮಗಳೇ ಚಾಂದ್ ಬೀಬಿ.

ಹೀಗೆ ಒಬ್ಬ ಹೆಣ್ಣಿನ ಜೊತೆ ಹೋಗಬೇಕಿದ್ದ ಕೋಟೆ ಇನ್ನೊಬ್ಬ ಹೆಣ್ಣಿನ ಜೊತೆ ವಾಪಸ್ ಬಂತು. ಅಷ್ಟರ ಮಟ್ಟಿಗೆ ಲೆಕ್ಕ ಸರಿಹೋಯಿತು ಎನ್ನಬೇಕು. ನಡುವೆ ಸತ್ತವರ ಲೆಕ್ಕ ಬೇರೆ.

ಬುರುಜಿನ ನೆರಳಲ್ಲಿ ಕುಳಿತಾಗ ಈ ಲೆಕ್ಕ ನನಗೆ ತೀರಾ ಪರಿಚಯದ್ದೆನಿಸಿತು. ಅಕ್ಕನ ಮದುವೆಗೆ ಉಪ್ಪ ಐದು ಸೆಂಟ್ಸ್ ಜಾಗ ಮಾರಿದ್ದರು, ಅಂಗಡಿಯ ಮೇಲೂ ಸಾಲ ಮಾಡಿದ್ದರು. ಏಳು ವರ್ಷದ ಹಿಂದೆ ನನ್ನ ಮದುವೆಯಾದಾಗ ಆ ಸಾಲ ತೀರಿತು. ನಾವು ಏನೂ ಕೇಳಿರಲಿಲ್ಲ ಎಂದು ಇಂದಿಗೂ ಹೇಳಿಕೊಳ್ಳುತ್ತೇನೆ. ಅದು ನಿಜ. ಮಾವ ತಾವಾಗಿಯೇ ತಂದುಕೊಟ್ಟಾಗ ಬೇಡ ಎನ್ನಲಿಲ್ಲ, ಅದೂ ನಿಜ. ಅಕ್ಕನ ಜೊತೆ ಹೋದದ್ದು ಸೊಸೆಯ ಜೊತೆ ಬಂತು ಎಂದು ಮನೆಯಲ್ಲಿ ಯಾರೋ ತಮಾಷೆ ಮಾಡಿದ್ದರು. ಎಲ್ಲರೂ ನಕ್ಕಿದ್ದೆವು. ಮಾವ ಆ ಹಣ ಎಲ್ಲಿಂದ ತಂದರೆಂದು ಅಂದು ಯಾರೂ ಕೇಳಲಿಲ್ಲ. ನಿಖಾಹ್‌ನಲ್ಲಿ ಕೊಡಬೇಕಾದವನು ಗಂಡು, ಮಹ್ರ್ ಹೆಣ್ಣಿನ ಹಕ್ಕು ಎಂಬುದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತಿರುವ ಮಾತು.

ಚಾಂದ್ ಬೀಬಿಯ ಮುಂದಿನ ಬದುಕು ಎಲ್ಲರಿಗೂ ತಿಳಿದದ್ದೇ. 1580ರಲ್ಲಿ ಗಂಡ ಕೊಲೆಯಾದ. ಮಕ್ಕಳಿರಲಿಲ್ಲ. ಪಟ್ಟಕ್ಕೆ ಬಂದ ಬಾಲಕ ಎರಡನೆಯ ಇಬ್ರಾಹಿಮನ ಪರವಾಗಿ ಬಿಜಾಪುರವನ್ನು ನೋಡಿಕೊಂಡಳು. ಆಮೇಲೆ ತವರಿಗೆ ಹೋಗಿ, 1595-96ರಲ್ಲಿ ಅಕ್ಬರನ ಸೈನ್ಯ ಮುತ್ತಿದಾಗ ಅಹ್ಮದ್‌ನಗರದ ಕೋಟೆಯನ್ನು ಉಳಿಸಿಕೊಂಡಳು. ಕೊನೆಗೆ ತನ್ನ ಕಡೆಯವರ ಕೈಯಲ್ಲೇ ಸತ್ತಳು. ಜನ ಅವಳನ್ನು ನೆನೆಯುವುದು ತಾನೇ ನಿಂತು ಕಾಯ್ದ ಆ ಕೋಟೆಗಾಗಿ. ಅಪ್ಪ ಕೊಟ್ಟು ಕಳಿಸಿದ ಈ ಕೋಟೆಗಾಗಿ ಅಲ್ಲ.

ಈ ಕೋಟೆಯಾದರೂ ಗಂಡನ ಮನೆಯಲ್ಲಿ ಉಳಿಯಿತೇ? 1668ರಲ್ಲಿ ಬಿಜಾಪುರದವರು ಒಪ್ಪಂದ ಮಾಡಿಕೊಂಡು ಇದನ್ನು ಮೊಘಲರಿಗೆ ಒಪ್ಪಿಸಿದರು. 1685ರಲ್ಲಿ ಔರಂಗಜೇಬ್ ಸೊಲ್ಲಾಪುರಕ್ಕೇ ಬಂದು ಬೀಡುಬಿಟ್ಟ, ಮರುವರ್ಷ ಬಿಜಾಪುರವೇ ಬಿತ್ತು. ಆಮೇಲೆ ನಿಜಾಮ, ಪೇಶ್ವೆ. 1818ರ ಮೇ ತಿಂಗಳಲ್ಲಿ ಬ್ರಿಟಿಷರ ಪರವಾಗಿ ಗೆದ್ದವನು ಥಾಮಸ್ ಮನ್ರೋ. ಟಿಪ್ಪು ಸುಲ್ತಾನ್ ಶಹೀದರಾದ ಮೇಲೆ 1799ರಲ್ಲಿ ನಮ್ಮ ಕೆನರಾಕ್ಕೆ ಮೊದಲ ಕಲೆಕ್ಟರನಾಗಿ ಬಂದು ಭೂಮಿಯ ಕಂದಾಯ ನಿಗದಿ ಮಾಡಿದವನೂ ಇವನೇ.

ನಾಲ್ಕೂವರೆಗೆ ಎದ್ದೆ. ಕೆರೆಯ ದಂಡೆಯಲ್ಲಿ ನಿಂತು ಹೊರಗಿನಿಂದ ಗೋಡೆಯನ್ನು ಇನ್ನೊಮ್ಮೆ ನೋಡಿ ಸ್ಟೇಷನ್ನಿಗೆ ಆಟೋ ಹಿಡಿದೆ. ಅಕ್ಕಲಕೋಟೆಯನ್ನೂ ಕೂಡಲವನ್ನೂ ನೋಡಲಾಗಲಿಲ್ಲ ಎಂಬ ಬೇಸರ ಇರಲಿಲ್ಲ. ಹಡಗಿನಿಂದ ಇಳಿದು ಓಡುವವರನ್ನು ನೋಡಿ ಇನ್ನು ನಗುವುದಿಲ್ಲ.

ರೈಲು ಹೊರಟ ಮೇಲೆ ಹೆಂಡತಿಗೆ ಫೋನ್ ಮಾಡಿ ಈ ಕಥೆಯನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, "ಕೊನೆಗೆ ಆ ಕೋಟೆಯನ್ನು ಚಾಂದ್ ಬೀಬಿಗೆ ಯಾರಾದರೂ ವಾಪಸ್ ಕೊಟ್ಟರಾ?" ಎಂದಳು. ಇಲ್ಲ ಎಂದೆ. ಆಮೇಲೆ ಸಿಗ್ನಲ್ ಹೋಯಿತು.

ಜನವರಿಯಿಂದ ಮಾವನಿಗೆ ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಕೊಡಲು ಹೋದೆ. ಅವರು ಖಡಾಖಂಡಿತ ಬೇಡ ಎಂದರು. ಈಗ ಅದನ್ನು ಹೆಂಡತಿಯ ಹೆಸರಿನ ಖಾತೆಗೆ ಹಾಕುತ್ತಿದ್ದೇನೆ. ಪೂರ್ತಿ ತೀರಲು ಒಂಬತ್ತು ವರ್ಷ ಬೇಕು.