ಗೋಡೆ ಉಳಿದರೆ ಚಿತ್ರ ಉಳಿದೀತು: ಮಂಗಳೂರಿನ ಅಲೋಶಿಯಸ್ ಚಾಪೆಲ್

ಮರೋಳ, ಹುನಗುಂದ, ಇಳಕಲ್ಲಿನ ನಮಗೆ ಗೋಡೆಯ ಮೇಲಿನ ಹಳೆಯ ಚಿತ್ರ ಎಂದರೆ ಮೊದಲು ನೆನಪಾಗುವುದು ಬಾದಾಮಿ. ಕ್ರಿ.ಶ. 578ರ ಶಾಸನವಿರುವ, ಚಾಲುಕ್ಯ ಮಂಗಳೇಶನ ಮೂರನೇ ಗುಹೆಯ ಸೂರಿನ ಕೆಳಗೆ ಬಣ್ಣದ ತುಣುಕುಗಳು ಇವತ್ತಿಗೂ ಇವೆ. ಆದರೆ ಕತ್ತೆತ್ತಿ ಎಷ್ಟು ಹೊತ್ತು ನೋಡಿದರೂ ಆಕೃತಿಗಳು ಸುಲಭಕ್ಕೆ ಗುರುತು ಸಿಗುವುದಿಲ್ಲ.

ಇದೇ ನಾಡಿನ ಇನ್ನೊಂದು ತುದಿಯಲ್ಲಿ, ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಚಾಪೆಲ್‌ನಲ್ಲಿ, ಗೋಡೆ ಮತ್ತು ಛಾವಣಿಯ ತುಂಬ ಚಿತ್ರಗಳು ನಿಚ್ಚಳವಾಗಿ ಉಳಿದಿವೆ. ವಯಸ್ಸಿನಲ್ಲಿ ಅವು ಬಾದಾಮಿಗಿಂತ ಬಹಳ ಚಿಕ್ಕವು, ನಿಜ. ಆದರೂ ಕರಾವಳಿಯ ಮಳೆ, ತೇವದ ನಡುವೆ ನೂರು ವರ್ಷ ದಾಟುವುದು ಸಣ್ಣ ಮಾತಲ್ಲ.

1878ರ ಕೊನೆಯಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದರು. 1880ರಲ್ಲಿ ಕಾಲೇಜು ಶುರುವಾಯಿತು. ಕೆಲವೇ ವರ್ಷಗಳಲ್ಲಿ ಬಾವುಟಗುಡ್ಡೆಯ ಮೇಲೆ ಅದರ ಕಟ್ಟಡ, ಚಾಪೆಲ್ ಎರಡೂ ಎದ್ದವು. ಹೊರಗಿನಿಂದ ನೋಡಿದರೆ ಚಾಪೆಲ್ ಸರಳ ಕಟ್ಟಡ. ಅದಕ್ಕೆ ಹೆಸರು ತಂದದ್ದು ಒಳಗಿನ ಕೆಲಸ.

ಆ ಕೆಲಸ ಮಾಡಿದವರು ಆಂಟೋನಿಯೋ ಮೊಸ್ಕೇನಿ. 1854ರಲ್ಲಿ ಇಟಲಿಯ ಬೆರ್ಗಾಮೊ ಬಳಿಯ ಸ್ಟೆಝಾನೊದಲ್ಲಿ ಹುಟ್ಟಿ, ಬೆರ್ಗಾಮೊದಲ್ಲೇ ಚಿತ್ರಕಲೆ ಕಲಿತು, 1889ರಲ್ಲಿ ಜೆಸ್ವಿಟ್ ಸಂಘ ಸೇರಿದವರು. 1899ರಿಂದ 1901ರವರೆಗೆ ಈ ಚಾಪೆಲ್ ಚಿತ್ರಿಸಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಛಾವಣಿಯ ನಡುವಿನ ಸಾಲಿನಲ್ಲಿ ಸಂತ ಅಲೋಶಿಯಸ್ ಗೊಂಜಾಗನ ಜೀವನ ಇದೆ. ಆತ ಸಿರಿವಂತ ಮನೆತನದ ಹಿರಿಯ ಮಗ. ಬರಬೇಕಿದ್ದ ಅಧಿಕಾರ ಬಿಟ್ಟು ಸಂಘ ಸೇರಿದ. 1591ರಲ್ಲಿ ರೋಮ್‌ನಲ್ಲಿ ಸಾಂಕ್ರಾಮಿಕ ರೋಗಿಗಳ ಆರೈಕೆ ಮಾಡುತ್ತ ತಾನೇ ಸೋಂಕು ತಗುಲಿಸಿಕೊಂಡು 23ನೇ ವಯಸ್ಸಿನಲ್ಲಿ ಸತ್ತ. ಓದುವ ಹುಡುಗರ ತಲೆಯ ಮೇಲೆ ಈ ಕಥೆ ಬರೆಸಿದ್ದು ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಛಾವಣಿಯ ಇಳಿಜಾರಿನಲ್ಲಿ ಯೇಸುವಿನ ಶಿಷ್ಯರು, ಹೂಮಾಲೆ ಹಿಡಿದ ದೇವದೂತರು ಇದ್ದಾರೆ.

ಇಲ್ಲಿ ಕ್ಯಾನ್ವಾಸ್ ಮೇಲಿನ ತೈಲಚಿತ್ರಗಳೂ ಇವೆ, ಫ್ರೆಸ್ಕೋಗಳೂ ಇವೆ. ಫ್ರೆಸ್ಕೋ ಎಂದರೆ ಹಸಿ ಗಾರೆಯ ಮೇಲೆ ಬರೆಯುವ ಚಿತ್ರ. ಒಂದು ದಿನದಲ್ಲಿ ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ ಸುಣ್ಣದ ಗಾರೆ ಬಳಿಯುತ್ತಾರೆ. ಅದು ಆರುವ ಮೊದಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿ ಕುಡಿದು ಗಟ್ಟಿಯಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಬಣ್ಣ ಬೇರೆ, ಗೋಡೆ ಬೇರೆ ಎಂಬುದಿಲ್ಲ.

ಅದರ ಬಲವೂ ಅದೇ, ಅಪಾಯವೂ ಅದೇ. ಮಾಳಿಗೆ ಸೋರಿದರೆ ಗೋಡೆ ತೇವ ಕುಡಿಯುತ್ತದೆ, ಉಪ್ಪು ಮೇಲೆದ್ದು ಬರುತ್ತದೆ, ಗಾರೆಯ ಜೊತೆ ಚಿತ್ರವೂ ಉದುರುತ್ತದೆ. ಹಾಗಾಗಿ ಚಿತ್ರ ಕಾಯುವ ಕೆಲಸ ಕುಂಚದಿಂದ ಅಲ್ಲ, ಸೂರಿನಿಂದ ಶುರುವಾಗಬೇಕು. 1990ರ ದಶಕದ ಮೊದಲ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಈ ಚಿತ್ರಗಳನ್ನು ಶುಚಿಗೊಳಿಸಿ ಸಂರಕ್ಷಿಸಿದರು. ಮೊಸ್ಕೇನಿಯ ಕೈಗುಣದಷ್ಟೇ ಆ ಕಾಳಜಿಯೂ ಇವುಗಳನ್ನು ಉಳಿಸಿದೆ.

ಈ ಮಾತು ನಮ್ಮ ಊರುಗಳಿಗೂ ಸಲ್ಲುತ್ತದೆ. ಗಚ್ಚಿನ ಗೋಡೆಯ ಹಳೆಯ ಶಾಲೆ, ಗುಡಿ, ಮಠ, ವಾಡೆಗಳು ಇನ್ನೂ ಅಲ್ಲಲ್ಲಿ ಇವೆ. ದುರಸ್ತಿ ಎಂದಾಗ ಸಿಮೆಂಟು, ಆಯಿಲ್ ಪೇಂಟು ಬಳಿಯುವುದೇ ಸುಲಭದ ದಾರಿ ಅನಿಸುತ್ತದೆ. ಆದರೆ ಸುಣ್ಣದ ಗೋಡೆ ಉಸಿರಾಡುತ್ತದೆ. ಮೇಲೆ ಸಿಮೆಂಟು ಬಿದ್ದರೆ ತೇವ ಹೊರಬರಲಾಗದೆ ಒಳಗೇ ಉಳಿದು, ಗೋಡೆ ಕೊಳೆಯುತ್ತದೆ. ಶಾಲೆಗೆ ಹಣ ಬಂದಾಗ, ಜಾತ್ರೆಗೆ ಗುಡಿ ಸಿಂಗರಿಸುವಾಗ, ಕೆರೆಯುವ ಮೊದಲು ಗೋಡೆಯನ್ನು ಒಮ್ಮೆ ನೋಡೋಣ, ಫೋಟೋ ತೆಗೆದಿಡೋಣ, ಸುಣ್ಣದ ಕೆಲಸ ಬಲ್ಲ ಹಿರಿಯ ಗೌಂಡಿಯನ್ನು ಕೇಳೋಣ. ಆ ಸುಣ್ಣದ ಪದರಗಳ ಕೆಳಗೆ ನಮ್ಮೂರಿನ ಯಾರೋ ಬರೆದ ಚಿತ್ರವೂ ಇರಬಹುದು.