ಹೆಚ್ಚು ಬೆಳೆದರೆ ಹಸಿವು ನೀಗುತ್ತದೆಯೇ?

"ಜನ ಹೆಚ್ಚುತ್ತಿದ್ದಾರೆ, ರೈತ ಇನ್ನೂ ಹೆಚ್ಚು ಬೆಳೆಯದಿದ್ದರೆ ಜಗತ್ತಿಗೆ ಉಪವಾಸವೇ ಗತಿ." ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. 2050ರ ಹೊತ್ತಿಗೆ ಆಹಾರ ಉತ್ಪಾದನೆ ಶೇ. 70ರಷ್ಟು ಹೆಚ್ಚಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2009ರಲ್ಲಿ ಹೇಳಿತ್ತು. ಇತಿಹಾಸ ಏನು ಹೇಳುತ್ತದೆ ನೋಡೋಣ.

1876-78ರ ಧಾತು-ಈಶ್ವರ ಬರವನ್ನೇ ತೆಗೆದುಕೊಳ್ಳಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಸಂಸ್ಥಾನದ ಐವರಲ್ಲಿ ಒಬ್ಬರು ಸತ್ತರೆಂಬ ಅಂದಾಜಿದೆ. ಮಳೆ ಕೈಕೊಟ್ಟು ಬೆಳೆ ಹೋಗಿದ್ದು ನಿಜ. ಆದರೆ ಅದೇ ವರ್ಷಗಳಲ್ಲಿ ಭಾರತದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಕೊಳ್ಳಲು ಕಾಸಿದ್ದವರ ಕಡೆಗೆ ಕಾಳು ಹರಿಯಿತು. 1943ರ ಬಂಗಾಳ ಕ್ಷಾಮದಲ್ಲೂ ಕೂಲಿಕಾರರನ್ನು ಕೊಂದಿದ್ದು ಅಕ್ಕಿಯ ಕೊರತೆಗಿಂತ ಹೆಚ್ಚಾಗಿ ಅಕ್ಕಿಯ ಬೆಲೆ ಎಂದು ಅಮರ್ತ್ಯ ಸೇನ್ 1981ರಲ್ಲಿ ತೋರಿಸಿಕೊಟ್ಟರು.

ಹಾಗೆಂದು ಹೆಚ್ಚು ಬೆಳೆದದ್ದು ವ್ಯರ್ಥವೆನ್ನಲಾಗದು. 1966ರಲ್ಲಿ ದೇಶ ಸುಮಾರು 1 ಕೋಟಿ ಟನ್ ಧಾನ್ಯ ತರಿಸಿಕೊಂಡಿತ್ತು. ಆ ಪರದಾಟ ತಪ್ಪಿಸಿದ್ದು ನಮ್ಮ ರೈತರೇ. 1950-51ರಲ್ಲಿ 5 ಕೋಟಿ ಟನ್ ಇದ್ದ ಬೆಳೆ 2022-23ಕ್ಕೆ ಸುಮಾರು 33 ಕೋಟಿ ಟನ್ ಆಯಿತು. ಜನಸಂಖ್ಯೆ ನಾಲ್ಕು ಪಟ್ಟಾದರೆ ಧಾನ್ಯ ಆರು ಪಟ್ಟು ಮೀರಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಐದು ವರ್ಷದೊಳಗಿನ ಶೇ. 35.5ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಈಗ ನಮ್ಮ ಹೊಲಗಳನ್ನೇ ನೋಡೋಣ. ಜಗಳೂರಿನ ಬೆದ್ದಲಿನಲ್ಲಿ ಜೋಳ, ನವಣೆ, ಸಾವೆ ಇದ್ದ ಕಡೆ ಮೆಕ್ಕೆಜೋಳ ಬಂದಿದೆ. ನ್ಯಾಮತಿ, ಹೊನ್ನಾಳಿಯ ಮಳೆಯಾಶ್ರಿತ ಹೊಲಗಳಲ್ಲೂ ಅದೇ. ಅದರ ಬಹುಪಾಲು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ, ಈಚೆಗೆ ಎಥನಾಲ್‌ಗೆ ಹೋಗುತ್ತದೆ. ಚನ್ನಗಿರಿಯಲ್ಲಿ ಭದ್ರಾ ನಾಲೆಯ ನೀರು ಕಂಡ ಎಷ್ಟೋ ಭತ್ತದ ಗದ್ದೆಗಳು ಅಡಿಕೆ ತೋಟಗಳಾಗಿವೆ. ಅಡಿಕೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಇದು ರೈತರ ತಪ್ಪಲ್ಲ. ಮಕ್ಕಳ ಫೀಸು, ಸಾಲದ ಕಂತು ಕಟ್ಟಲು ಕಾಸು ಬರುವ ಬೆಳೆಯನ್ನೇ ಬೆಳೆಯಬೇಕು. ಆದರೆ "ಜಗತ್ತಿಗೆ ಅನ್ನ ಹಾಕುವ ಹೊಣೆ ನಿನ್ನದು" ಎಂದು ಹೇಳಿ ಇನ್ನೊಂದು ಚೀಲ ಗೊಬ್ಬರ, ಇನ್ನೊಂದು ಕೊಳವೆಬಾವಿ, ಇನ್ನೊಂದು ಸಾಲ ಹೊರಿಸುವುದು ಸರಿಯೇ?

ಮುಂದಿನ ಸಲ ಯಾರಾದರೂ "ಹೆಚ್ಚು ಬೆಳೆಯಿರಿ" ಎಂದರೆ ನಾವು ಮೂರು ಪ್ರಶ್ನೆ ಕೇಳೋಣ: ಏನನ್ನು? ಯಾರ ತಟ್ಟೆಗೆ? ಯಾವ ಬೆಲೆಗೆ?