ಕ್ಯೂ ಹೋಯಿತು, ಕೊಟೇಶನ್ ಬಂತು

ಈಗ ಶೋರೂಮಿಗೆ ಒಮ್ಮೆ ನಂಬರ್ ಕೊಟ್ಟರೆ ಸಾಕು, ಹೊಲಕ್ಕೆ ನೀರು ಹಾಯಿಸುತ್ತಿದ್ದರೂ ಫೋನ್ ಬರುತ್ತದೆ: "ಸರ್, ಆಫರ್ ತಿಂಗಳ ಕೊನೆಗೆ ಮುಗಿಯುತ್ತೆ." ನಮ್ಮ ಅಜ್ಜಂದಿರ ಕಾಲದಲ್ಲಿ ಕಾರು ಮಾರುವವರು ಬಾಯಿ ಬಿಡಬೇಕಾಗಿಯೇ ಇರಲಿಲ್ಲ.

1960ರ ದಶಕದಲ್ಲಿ ದೇಶದಲ್ಲಿ ಸಿಗುತ್ತಿದ್ದುದು ಮುಖ್ಯವಾಗಿ ಮೂರು ಕಾರು: ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಎಷ್ಟು ತಯಾರಿಸಬೇಕು ಎಂಬುದಕ್ಕೂ ಸರ್ಕಾರದ ಲೈಸೆನ್ಸ್ ಬೇಕಿತ್ತು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಸರದಿ ಬಂದವರು ಕಾರು ಪಡೆದು, ಹೆಚ್ಚಿನ ಬೆಲೆಗೆ ಬೇರೆಯವರಿಗೆ ದಾಟಿಸಿದರೆ ಕೂತಲ್ಲೇ ಲಾಭ. ಅದನ್ನು ತಡೆಯಲು 1959ರಲ್ಲಿ ಕೇಂದ್ರ ಸರ್ಕಾರ ಕಾರು ಹಂಚಿಕೆಯ ನಿಯಂತ್ರಣ ಆದೇಶವನ್ನೇ ಹೊರಡಿಸಿತು. ಹೊಸ ಕಾರನ್ನು ಎರಡು ವರ್ಷದೊಳಗೆ ಅನುಮತಿಯಿಲ್ಲದೆ ಮಾರುವಂತಿರಲಿಲ್ಲ. ಆದರೂ ಪ್ರೀಮಿಯಂ ಎಂಬ ಹೆಸರಿನ ಮೇಲ್ದುಡ್ಡು ನಿಲ್ಲಲಿಲ್ಲ. ಸರಕು ಕಡಿಮೆ ಇದ್ದಾಗ ಆದೇಶ ಎಷ್ಟು ತಾನೇ ಕೆಲಸ ಮಾಡೀತು!

1983ರಲ್ಲಿ ಮಾರುತಿ 10,000 ರೂಪಾಯಿಗೆ ಬುಕಿಂಗ್ ತೆರೆಯಿತು. ಎರಡು ತಿಂಗಳಲ್ಲಿ 1.35 ಲಕ್ಷ ಜನ ದುಡ್ಡು ಕಟ್ಟಿದರು. ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿ ಕೊಟ್ಟರು. ಕ್ಯೂ ಮಾತ್ರ ಹಾಗೇ ಇತ್ತು.

ಆಟ ತಿರುಗಿದ್ದು 1993ರಲ್ಲಿ, ಕಾರು ತಯಾರಿಕೆಗೆ ಲೈಸೆನ್ಸ್ ಬೇಡವಾದ ಮೇಲೆ. 1998ರಲ್ಲಿ ಸ್ಯಾಂಟ್ರೋ, ಇಂಡಿಕಾ, ಮಾಟಿಜ್ ಒಟ್ಟೊಟ್ಟಿಗೆ ಬಂದವು. ಮರು ವರ್ಷವೇ ನಮ್ಮ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಶುರುವಾಯಿತು. ಕಾಯುವ ಸರದಿ ಈಗ ಮಾರುವವರದು. ಕಾರಿನ ಬೆಲೆಯಲ್ಲಿ ಪೈಪೋಟಿ ಹೆಚ್ಚಾದಂತೆ ವಿಮೆ, ಸಾಲ, ಸೀಟ್ ಕವರ್, ಹೆಚ್ಚುವರಿ ವಾರಂಟಿಗಳ ಮೇಲಿನ ಲಾಭಕ್ಕೆ ಡೀಲರುಗಳು ಕೈ ಹಾಕಿದರು. ಹಳೆಯ ಪ್ರೀಮಿಯಂ ಬೇರೆ ಬೇರೆ ಹೆಸರಿಟ್ಟುಕೊಂಡು ವಾಪಸ್ ಬಂತು ಎನ್ನುವುದು ನಮ್ಮ ಅಭಿಪ್ರಾಯ.

ಅಮೆರಿಕದವರು ಈ ದಾರಿಯನ್ನು ನಮಗಿಂತ ಮೊದಲೇ ತುಳಿದಿದ್ದರು. ಯುದ್ಧದ ನಂತರ ಅಲ್ಲೂ ಕಾರಿಗೆ ಬರ. ಆಮೇಲೆ ಕಾರು ಹೆಚ್ಚಾದಾಗ, ಡೀಲರುಗಳು ಹೊಸ ಕಾರಿನ ಬೆಲೆಯನ್ನು ಗುಟ್ಟಾಗಿ ಏರಿಸಿ, ಹಳೆ ಕಾರಿಗೆ ಭಾರಿ ದುಡ್ಡು ಕೊಟ್ಟಂತೆ ತೋರಿಸುತ್ತಿದ್ದರು. ಸೆನೆಟರ್ ಮೈಕ್ ಮನ್ರೋನಿ ಮುಂದೆ ನಿಂತು 1958ರಲ್ಲಿ ಕಾನೂನು ತಂದರು: ಕಂಪನಿ ಸೂಚಿಸಿದ ಬೆಲೆ, ಒಂದೊಂದು ಹೆಚ್ಚುವರಿ ಸಾಮಾನಿನ ಬೆಲೆ, ಸಾಗಾಟದ ಖರ್ಚು, ಎಲ್ಲ ಬರೆದ ಚೀಟಿ ಕಾರಿನ ಗಾಜಿನ ಮೇಲೆ ಇರಲೇಬೇಕು.

ನಮ್ಮ ಕೈಗೆ ಬರುವುದು ಶೋರೂಮಿನವರ ಕೊಟೇಶನ್ ಹಾಳೆ. 'ಆನ್ ರೋಡ್' ಎಂಬ ಒಂದೇ ಮೊತ್ತ ಕೇಳಿ ತಲೆಯಾಡಿಸಿದರೆ ಕೆಟ್ಟಿರಿ. ಸಾಲು ಸಾಲಾಗಿ ಬರೆಸಿಕೊಳ್ಳಿ. ಜಿಎಸ್‌ಟಿ ಎಕ್ಸ್ ಶೋರೂಮ್ ಬೆಲೆಯಲ್ಲೇ ಸೇರಿದೆ. ರಸ್ತೆ ತೆರಿಗೆ, ನೋಂದಣಿ ಶುಲ್ಕ ಸರ್ಕಾರಕ್ಕೆ ಹೋಗುವ ದುಡ್ಡು, ರಸೀದಿ ಸಿಗುತ್ತದೆ. ಇನ್ನು 'ಹ್ಯಾಂಡ್ಲಿಂಗ್ ಚಾರ್ಜ್' ಎಂದರೆ ಗೋದಾಮಿನಿಂದ ಶೋರೂಮಿಗೆ ಕಾರು ತಂದ ಖರ್ಚಂತೆ. ಅಂಗಡಿಗೆ ಅಕ್ಕಿ ಮೂಟೆ ತಂದ ಕೂಲಿಯನ್ನು ಶೆಟ್ಟರು ನಮ್ಮ ಚೀಟಿಯಲ್ಲಿ ಬೇರೆಯಾಗಿ ಬರೆಯುತ್ತಾರೆಯೇ?

"ತಿಂಗಳಿಗೆ ಎಷ್ಟು ಕಟ್ಟುತ್ತೀರಿ?" ಎಂಬ ಪ್ರಶ್ನೆ ಕೇಳಲು ಸಲೀಸು. 5 ಲಕ್ಷ ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. 5 ವರ್ಷಕ್ಕೆ ಕಂತು ಸುಮಾರು 10,600. 7 ವರ್ಷಕ್ಕೆ ಸುಮಾರು 8,300. ಕಂತು ಇಳಿಯಿತು ಎಂದು ಖುಷಿಪಡುವಷ್ಟರಲ್ಲಿ ಒಟ್ಟು ಕಟ್ಟುವ ದುಡ್ಡು ಸುಮಾರು 60,000 ಏರಿರುತ್ತದೆ. ಬೆಳೆ ಬಂದಾಗ ಮಾತ್ರ ಕೈಯಲ್ಲಿ ಕಾಸು ಕಾಣುವ ಮನೆಗೆ ಆ ಎರಡು ವರ್ಷ ಬಹಳ ಉದ್ದ.

ವಿಮೆಯ ವಿಷಯದಲ್ಲಿ ನಿಯಮ ಕೊಳ್ಳುವವರ ಪರವಾಗಿದೆ. ಸುಪ್ರೀಂ ಕೋರ್ಟ್ ಸೂಚನೆಯಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ನಮ್ಮ ಕಾರಿನ ಹಾನಿಗೆ ಮಾಡಿಸುವ ವಿಮೆಯನ್ನು ಒಂದು ವರ್ಷಕ್ಕೆ ಮಾಡಿಸಿದರೂ ನಡೆಯುತ್ತದೆ. ಡೀಲರು ತನ್ನಲ್ಲೇ ವಿಮೆ ಮಾಡಿಸಿ ಎಂದು ಬಲವಂತ ಮಾಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಹಾಗಾಗಿ ಶೋರೂಮಿಗೆ ಹೋಗುವ ಮೊದಲೇ, ಅದೇ ಮಾಡೆಲ್ ಕಾರಿಗೆ ಬೇರೆ ಎರಡು ವಿಮಾ ಕಂಪನಿಗಳ ದರ ಕೇಳಿ ಫೋನಿನಲ್ಲಿ ಇಟ್ಟುಕೊಂಡು ಹೋಗಿ.